ಸ್ಟಾಕ್ ಲೆಕ್ಕ ಮೇಲಕ್ಕೆ ಹೋಗುತ್ತೆ, ಕೆಳಗೆ ಯಾವಾಗ ಬರುತ್ತೆ?

ಲಸಿಕೆ, ಮಾತ್ರೆ, ಸಲೈನ್, ಸಿರಿಂಜ್ ಎಲ್ಲದರ ಲೆಕ್ಕವೂ ಇಡೀ ದೇಶಕ್ಕೆ ಒಂದೇ ಡಿಜಿಟಲ್ ವ್ಯವಸ್ಥೆಯಲ್ಲಿ ಇರಬೇಕು ಅನ್ನೋ ಮಾತು ಕೊರೊನಾ ಕಾಲದಿಂದ ಆಗಾಗ ಕೇಳಿಬರುತ್ತದೆ. ಬೇಕು, ನಾನೂ ಒಪ್ಪುತ್ತೇನೆ. ಆದರೆ ಆ ಲೆಕ್ಕ ಯಾರಿಗೆ ಕಾಣಬೇಕು ಅನ್ನೋದನ್ನ ಯಾರೂ ಜಾಸ್ತಿ ಮಾತಾಡೋದಿಲ್ಲ. ಬೆಂಗಳೂರಿಗೂ ದೆಹಲಿಗೂ ಕಂಡರೆ ಮುಗೀತಾ? ಶಿರಹಟ್ಟಿ ತಾಲ್ಲೂಕಿನ ಒಂದು ಪ್ರಾಥಮಿಕ ಆರೋಗ್ಯ ಕೇಂದ್ರದ, ಅಂದರೆ ಪಿಎಚ್‌ಸಿಯ ಫಾರ್ಮಸಿಸ್ಟ್‌ಗೆ ಏನು ಕಾಣುತ್ತದೆ? ಅಲ್ಲಿ ಚೀಟಿ ಹಿಡಿದು ನಿಂತವರಿಗೆ ಏನು ಕಾಣುತ್ತದೆ?

ನಾನು ಹುಬ್ಬಳ್ಳಿಯ ಒಂದು ಮೆಡಿಕಲ್ ಏಜೆನ್ಸಿಯಲ್ಲಿ ಬಿಲ್ಲಿಂಗ್ ನೋಡಿಕೊಳ್ಳುವವನು. ಬೆಳಗ್ಗಿಂದ ಸಂಜೆವರೆಗೂ ಬ್ಯಾಚ್ ನಂಬರ್ (ಒಟ್ಟಿಗೆ ತಯಾರಾದ ಮಾಲಿಗೆ ಕಂಪನಿ ಹಾಕುವ ಗುರುತು), ಎಕ್ಸ್‌ಪೈರಿ, ರಿಟರ್ನ್. ರೋಣ, ಮುಂಡರಗಿ, ಹಾನಗಲ್, ನವಲಗುಂದ ಅಂಗಡಿಗಳಿಗೆ ಮಾಲು ಹೋಗುತ್ತದೆ. ಯಾವುದಾದರೂ ಕಂಪನಿ ‘ಈ ಬ್ಯಾಚ್ ವಾಪಸ್ ಕಳಿಸಿ’ ಅಂತ ಮೇಲ್ ಹಾಕಿದರೆ, ಚಹಾ ತಣ್ಣಗಾಗೋದರೊಳಗೆ ಯಾವ ಅಂಗಡಿಗೆ ಎಷ್ಟು ಸ್ಟ್ರಿಪ್ ಹೋಗಿದೆ ಅಂತ ಹೇಳಬಹುದು. ಇದರಲ್ಲಿ ನಮ್ಮ ಜಾಣತನ ಏನೂ ಇಲ್ಲ. ಮಾಲಿನಲ್ಲಿ ಮಾಲೀಕರ ದುಡ್ಡು ಸಿಕ್ಕಿಕೊಂಡಿರುತ್ತದೆ, ಜಿಎಸ್‌ಟಿ ಬಿಲ್ ಇರುತ್ತದೆ, ಹಾಗಾಗಿ ಲೆಕ್ಕ ನೆಟ್ಟಗಿರುತ್ತದೆ. ಅಷ್ಟೇ.

ಆದರೆ ಅಂಗಡಿಯ ಕೌಂಟರ್ ದಾಟಿದ ಮೇಲೆ ನಮಗೂ ಕತ್ತಲೆ. ಯಾರ ಹೊಟ್ಟೆಗೆ ಹೋಯಿತು ಗೊತ್ತಿಲ್ಲ. 2023ರ ಆಗಸ್ಟ್ 1ರಿಂದ ಹೆಚ್ಚು ಮಾರಾಟವಾಗುವ 300 ಬ್ರ್ಯಾಂಡ್‌ಗಳ ಮೇಲೆ ಬಾರ್‌ಕೋಡ್ ಅಥವಾ ಕ್ಯೂಆರ್ ಕೋಡ್ ಇರಲೇಬೇಕು ಅಂತ ನಿಯಮ ಬಂದಿದೆ. ಒಳ್ಳೆಯದು. ಅದನ್ನು ಫೋನ್ ತೆಗೆದು ಸ್ಕ್ಯಾನ್ ಮಾಡಿದ ಗಿರಾಕಿಯನ್ನು ನಾನಂತೂ ಇನ್ನೂ ನೋಡಿಲ್ಲ.

ಬ್ಯಾಚ್ ನಂಬರ್ ಯಾಕೆ ಮುಖ್ಯ ಅಂತ ಬಳ್ಳಾರಿ ನೆನಪಿಸಿಕೊಂಡರೆ ಸಾಕು. 2024ರ ನವೆಂಬರ್‌ನಲ್ಲಿ ಅಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೆ ಒಬ್ಬರು ತೀರಿಕೊಂಡರು. ಅವರಿಗೆ ಹಾಕಿದ, ಸಲೈನ್ ಥರ ನರಕ್ಕೆ ಏರಿಸುವ ರಿಂಗರ್ ಲ್ಯಾಕ್ಟೇಟ್ ದ್ರಾವಣದ ಮೇಲೆ ಅನುಮಾನ ಬಂತು. ಅದನ್ನು ತಯಾರಿಸಿದ ಕಂಪನಿಯ ದ್ರಾವಣ ಬಳಸಬೇಡಿ ಅಂತ ರಾಜ್ಯ ಸರ್ಕಾರ ತಡೆಯಿತು. ಇಂಥ ಹೊತ್ತಲ್ಲಿ ಕೇಳಬೇಕಾದ ಪ್ರಶ್ನೆಗಳು ಬಹಳ ಸರಳ. ಆ ಬ್ಯಾಚ್ ಯಾವ ಯಾವ ಆಸ್ಪತ್ರೆಗೆ ಹೋಗಿದೆ? ಎಷ್ಟು ಬಾಟಲಿ ಇನ್ನೂ ಕಪಾಟಿನಲ್ಲಿದೆ? ಯಾವ ತಾಯಿಗೆ ಯಾವ ಬಾಟಲಿ ಏರಿಸಿದರು? ಮೊದಲ ಎರಡಕ್ಕೆ ಗೋದಾಮಿನ ಕಂಪ್ಯೂಟರ್ ಉತ್ತರ ಕೊಡಬಹುದು. ಮೂರನೆಯದಕ್ಕೆ ಕೇಸ್ ಶೀಟ್‌ನಲ್ಲಿ ಯಾರಾದರೂ ಬ್ಯಾಚ್ ನಂಬರ್ ಬರೆದಿರಬೇಕು. ರಾಷ್ಟ್ರೀಯ ವ್ಯವಸ್ಥೆ ಅಂತ ಮಾಡುವವರು ಈ ಮೂರನೇ ಪ್ರಶ್ನೆಯಿಂದ ಶುರು ಮಾಡಬೇಕು ಅಂತ ನನ್ನ ವಾದ. ಶುರು ಮಾಡೋದು ಮಾತ್ರ ಯಾವಾಗಲೂ ಗೋದಾಮಿನಿಂದ.

ಲಸಿಕೆಯ ಮಟ್ಟಿಗೆ ನಮ್ಮ ದೇಶದಲ್ಲಿ ಆಗಿರುವ ಕೆಲಸ ಸಣ್ಣದಲ್ಲ. ಇ-ವಿನ್ ಅಂತ ಒಂದು ವ್ಯವಸ್ಥೆ ಇದೆ. ಕೇಂದ್ರ ಆರೋಗ್ಯ ಇಲಾಖೆ ಮತ್ತು ವಿಶ್ವಸಂಸ್ಥೆಯ ಯುಎನ್‌ಡಿಪಿ ಸೇರಿ 2015ರ ಹೊತ್ತಿಗೆ ಹಂತ ಹಂತವಾಗಿ ತಂದದ್ದು. ಪಿಎಚ್‌ಸಿಯಲ್ಲಿ ಲಸಿಕೆ ಇಡುವ ಐಎಲ್‌ಆರ್ ಫ್ರಿಜ್ ಒಳಗೆ ಒಂದು ಸೆನ್ಸರ್. ಉಷ್ಣಾಂಶ 2ರಿಂದ 8 ಡಿಗ್ರಿ ದಾಟಿದರೆ ಸಿಬ್ಬಂದಿಯ ಫೋನಿಗೆ ಮೆಸೇಜ್ ಬರುತ್ತದೆ. ಸ್ಟಾಕ್ ಎಷ್ಟಿದೆ ಅಂತ ಮೊಬೈಲ್‌ನಲ್ಲೇ ಎಂಟ್ರಿ. ಇದು ಬಂದ ಮೇಲೆ ಲಸಿಕೆ ಖಾಲಿಯಾಗುವ ಪ್ರಸಂಗಗಳು ಶೇ. 80ರಷ್ಟು ಇಳಿದಿವೆ ಅಂತ ಕೇಂದ್ರ ಸರ್ಕಾರವೇ 2020ರ ಆಗಸ್ಟ್‌ನಲ್ಲಿ ಹೇಳಿತ್ತು. ಸರ್ಕಾರದ ಮಾತನ್ನು ಸ್ವಲ್ಪ ಅನುಮಾನ ಇಟ್ಟುಕೊಂಡೇ ಕೇಳೋಣ. ಆದರೂ 2021ರ ಜನವರಿಯಲ್ಲಿ ಕೋವಿಶೀಲ್ಡ್ ಪುಣೆಯಿಂದ ಬೆಳಗಾವಿಗೆ ಬಂದು, ಅಲ್ಲಿಂದ ಈ ಕಡೆಯ ಜಿಲ್ಲೆಗಳಿಗೆ ಹಂಚಿಕೆಯಾಗಿ, ತಾಲ್ಲೂಕಿನ ಫ್ರಿಜ್‌ಗಳನ್ನು ಅಷ್ಟು ಬೇಗ ಮುಟ್ಟಿತಲ್ಲ, ಅದರ ಹಿಂದೆ ಈ ತಯಾರಿ ಇತ್ತು. ಕೋ-ವಿನ್ ಸುಮ್ನೆ ಆಕಾಶದಿಂದ ಬಿದ್ದದ್ದಲ್ಲ.

ಆದರೆ ಸೆನ್ಸರ್ ಇರೋದು ಫ್ರಿಜ್‌ನಲ್ಲಿ. ಲಸಿಕೆ ಹಾಕುವ ದಿನ ಬಾಟಲಿಗಳು ಫ್ರಿಜ್ ಬಿಟ್ಟು, ಐಸ್ ಪ್ಯಾಕ್ ಇಟ್ಟ ಡಬ್ಬಿಯಲ್ಲಿ, ಅಂದರೆ ವ್ಯಾಕ್ಸಿನ್ ಕ್ಯಾರಿಯರ್‌ನಲ್ಲಿ ಅಂಗನವಾಡಿಗೆ ಹೋಗುತ್ತವೆ. ಬೈಕ್ ಮೇಲೆ, ಟಂಟಂನಲ್ಲಿ, ಏಪ್ರಿಲ್ ಬಿಸಿಲಲ್ಲಿ. ಅಲ್ಲಿಂದ ಮುಂದೆ ನಂಬಿಕೆಯೇ ಗತಿ. ಎಲ್ಲರೂ ಬಿಸಿಲಿಗೆ ಹೆದರುತ್ತಾರೆ. ನಿಜವಾಗಿ ಪೆಂಟಾವೇಲೆಂಟ್, ಹೆಪಟೈಟಿಸ್ ಬಿ, ಟಿಡಿ ಲಸಿಕೆಗಳೆಲ್ಲ ಹೆಪ್ಪುಗಟ್ಟಿದರೂ ಕೆಡುತ್ತವೆ. ಡೀಪ್ ಫ್ರೀಜರ್‌ನಿಂದ ತೆಗೆದ ಐಸ್ ಪ್ಯಾಕನ್ನು ಹಾಗೇ ಕ್ಯಾರಿಯರ್‌ಗೆ ತುರುಕಿದರೆ ಅದೇ ಆಗೋದು. ಪ್ಯಾಕ್ ಸ್ವಲ್ಪ ಬೆವರಬೇಕು, ಕಿವಿ ಹತ್ತಿರ ಹಿಡಿದು ಅಲುಗಾಡಿಸಿದರೆ ಒಳಗೆ ನೀರಿನ ಸದ್ದು ಬರಬೇಕು, ಆಮೇಲೆ ಇಡಬೇಕು. ಬಾಟಲಿ ಮೇಲೆ ಬಣ್ಣ ಬದಲಾಯಿಸುವ ಒಂದು ಚೌಕ ಇರುತ್ತದೆ, ವಿವಿಎಂ ಅಂತಾರೆ. ಅದು ಬಿಸಿ ತಾಗಿದ್ದನ್ನು ಹೇಳುತ್ತದೆ, ಹೆಪ್ಪುಗಟ್ಟಿದ್ದನ್ನು ಹೇಳೋದಿಲ್ಲ. ನಮ್ಮ ಏಜೆನ್ಸಿಯಲ್ಲಿ ಇನ್ಸುಲಿನ್ ಕಳಿಸುವಾಗಲೂ ಇದೇ ತಲೆನೋವು. ಜೆಲ್ ಪ್ಯಾಕ್ ಮೇಲೆ ಪೇಪರ್ ಸುತ್ತಿ ಥರ್ಮಾಕೋಲ್ ಡಬ್ಬಿಯಲ್ಲಿ ಇಡದಿದ್ದರೆ ಮಾಲಿಗೆ ಕೈ ತೊಳೆದುಕೊಂಡ ಹಾಗೆ.

ಹೊಸ ವ್ಯವಸ್ಥೆ ಮಾಡುವವರು ಈ ಕೊನೆಯ ಹಾದಿಗೆ ಒಂದು ಅಗ್ಗದ ಸೆನ್ಸರ್ ಕೊಡುತ್ತಾರೋ, ಪರದೆಯಲ್ಲಿ ಅಂಕಿ ತೋರಿಸುವ ಇನ್ನೊಂದು ಡ್ಯಾಶ್‌ಬೋರ್ಡ್ ಕೊಡುತ್ತಾರೋ? ಡ್ಯಾಶ್‌ಬೋರ್ಡ್ ಅಂತ ನನ್ನ ಅಂದಾಜು. ಅದನ್ನು ಉದ್ಘಾಟನೆ ಮಾಡಬಹುದು, ಸೆನ್ಸರ್‌ಗೆ ಟೇಪ್ ಕತ್ತರಿಸೋಕೆ ಆಗೋದಿಲ್ಲ.

ಇನ್ನು ವೇಸ್ಟೇಜ್ ಲೆಕ್ಕ. ಬಿಸಿಜಿ (ಟಿಬಿಗೆ), ಎಂಆರ್ (ದಡಾರ, ರುಬೆಲ್ಲಾಕ್ಕೆ) ಲಸಿಕೆಯ ಪುಡಿಗೆ ದ್ರಾವಣ ಬೆರೆಸಿದ ಮೇಲೆ 4 ಗಂಟೆಯೊಳಗೆ ಬಳಸಬೇಕು, ಉಳಿದದ್ದನ್ನು ಚೆಲ್ಲಬೇಕು. ಒಂದೇ ಮಗು ಬಂದಿದೆ, ಬಾಟಲಿಯಲ್ಲಿ 10 ಡೋಸ್ ಇದೆ ಅಂದುಕೊಳ್ಳಿ. ಒಡೆದರೆ 9 ಡೋಸ್ ವೇಸ್ಟ್ ಅಂತ ಪರದೆಯ ಮೇಲೆ ಬರುತ್ತದೆ. ಮೀಟಿಂಗ್‌ನಲ್ಲಿ ‘ವೇಸ್ಟೇಜ್ ಯಾಕೆ ಜಾಸ್ತಿ’ ಅಂತ ಒಬ್ಬರು ಕೇಳಿದರೆ ಸಾಕು, ಮುಂದಿನ ವಾರ ಆ ಸಿಸ್ಟರ್ ತಾಯಿಗೆ ‘ಗುರುವಾರ ಬರ‍್ರಿ ಅಕ್ಕಾರ, ಇನ್ನೂ ನಾಕ್ ಹುಡುಗ್ರು ಬರ್ತಾವು’ ಅಂತಾರೆ. ಆ ತಾಯಿ ಗುರುವಾರ ಮೆಣಸಿನಕಾಯಿ ಬಿಡಿಸೋಕೆ ಹೋಗಿರುತ್ತಾಳೆ. ಪರದೆ ಹಸಿರಾಯಿತು, ಮಗು ಮನೆಯಲ್ಲೇ ಉಳಿಯಿತು. ವಾಪಸ್ ಹೋದ ಮಗುವಿನ ಲೆಕ್ಕಕ್ಕೆ ಯಾವ ಕಾಲಂ ಇದೆ ಹೇಳಿ?

ನನಗೆ ಎಲ್ಲಕ್ಕಿಂತ ಸಿಟ್ಟು ಬರೋದು ಹಾವು ಕಡಿತದ ಔಷಧಿ (ಎಎಸ್‌ವಿ) ವಿಷಯದಲ್ಲಿ. ಮುಂಗಾರು ಬಿತ್ತನೆ ಶುರುವಾದರೆ ನಮ್ಮ ಏಜೆನ್ಸಿಗೆ ರಾತ್ರಿ ಫೋನ್ ಬರುತ್ತವೆ. ‘ಅಣ್ಣಾರ, ನಿಮ್ಮ ಕಡೆ ಎಎಸ್‌ವಿ ಐತೇನ್ರಿ?’ ನಾಗರಹಾವು, ಕಟ್ಟುಹಾವು, ಕೊಳಕುಮಂಡಲ, ಗರಗಸ ಮಂಡಲ ಈ ನಾಲ್ಕಕ್ಕೂ ಸೇರಿ ಒಂದೇ ಔಷಧಿ. ವಿಷ ಏರಿದ ಲಕ್ಷಣ ಕಂಡರೆ ಮೊದಲಿಗೇ 8ರಿಂದ 10 ವಯಲ್ (ಸಣ್ಣ ಬಾಟಲಿ) ಬೇಕು. ಈಗ ಹೇಳಿ, ಒಂದು ಆಸ್ಪತ್ರೆಯಲ್ಲಿ 2 ವಯಲ್ ಇದ್ದರೆ ಅದು ಸ್ಟಾಕ್ ಇದ್ದ ಹಾಗಾ, ಇಲ್ಲದ ಹಾಗಾ? ಕಂಪ್ಯೂಟರ್ ‘ಇದೆ’ ಅನ್ನುತ್ತದೆ.

ಸವಣೂರು ಕಡೆ ನಮ್ಮ ಸೋದರಮಾವನ ಹೊಲದಲ್ಲಿ ಕೆಲಸ ಮಾಡುವ ಹುಡುಗನಿಗೆ ಹಾವು ಕಡಿದಾಗ ಆದದ್ದು ಇದೇ. ಒಂದು ಆಸ್ಪತ್ರೆಗೆ ಹೋದರು, ಇದ್ದಷ್ಟನ್ನು ಹಾಕಿ ಮುಂದೆ ಕಳಿಸಿದರು. ಮುಂದಿನ ಕಡೆಯೂ ಸಾಲಲಿಲ್ಲ. ಕೊನೆಗೆ ಹುಬ್ಬಳ್ಳಿ. ಹುಡುಗ ಉಳಿದ, ಈಗ ಆರಾಮಾಗಿದ್ದಾನೆ. ಡಾಕ್ಟರ್‌ಗಳನ್ನು ಬೈಯೋಕೆ ಇದನ್ನು ಹೇಳುತ್ತಿಲ್ಲ, ಅವರು ಕೈಲಾದದ್ದನ್ನು ಮಾಡಿದರು. ಹೊಲದಿಂದ ಹೊರಡುವಾಗಲೇ ಎಲ್ಲಿ ಪೂರ್ತಿ ಡೋಸ್ ಇದೆ ಅಂತ ಗೊತ್ತಿದ್ದರೆ ನೇರ ಅಲ್ಲಿಗೇ ಹೋಗಬಹುದಿತ್ತು, ಅಲ್ವಾ? ಆ ಸಂಖ್ಯೆ ಯಾವುದೋ ಕಂಪ್ಯೂಟರ್‌ನಲ್ಲಿ ಇದ್ದೇ ಇತ್ತು. ಗಾಡಿ ಓಡಿಸುವವನಿಗೆ ಇರಲಿಲ್ಲ.

2024ರ ಫೆಬ್ರವರಿಯಲ್ಲಿ ಕರ್ನಾಟಕ ಸರ್ಕಾರ ಹಾವು ಕಡಿತವನ್ನು ಕಡ್ಡಾಯವಾಗಿ ವರದಿ ಮಾಡಬೇಕಾದ ಪಟ್ಟಿಗೆ ಸೇರಿಸಿತು. ಅದೇ ವರ್ಷ ಮಾರ್ಚ್‌ನಲ್ಲಿ ಕೇಂದ್ರ 2030ರೊಳಗೆ ಹಾವು ಕಡಿತದ ಸಾವನ್ನು ಅರ್ಧಕ್ಕೆ ಇಳಿಸುವ ಯೋಜನೆ ತಂದಿತು. ಅಂದರೆ ಕಡಿತದ ಲೆಕ್ಕ ಮೇಲಕ್ಕೆ ಹೋಗಲು ದಾರಿ ಆಗಿದೆ. ಔಷಧಿಯ ಲೆಕ್ಕ ಹಳ್ಳಿಗೆ ಬರಲು ದಾರಿ ಆಗಿಲ್ಲ.

‘ಜನಕ್ಕೆ ಸ್ಟಾಕ್ ತೋರಿಸಿದರೆ ಗಲಾಟೆ ಆಗುತ್ತೆ’ ಅಂತ ಒಬ್ಬ ಪರಿಚಯದವರು, ಸರ್ಕಾರಿ ಕೆಲಸದಲ್ಲಿರುವವರು, ನನಗೆ ಹೇಳಿದರು. ಅವರ ಮಾತಿನಲ್ಲಿ ಅರ್ಥ ಇಲ್ಲ ಅಂತಲ್ಲ. ಖಾಲಿ ಕಪಾಟು ತೋರಿಸಿದರೆ ಬೈಗುಳ ಬೀಳೋದು ಕೌಂಟರ್‌ನಲ್ಲಿ ಕೂತವರಿಗೇ. ಆದರೆ ನಮ್ಮ ರಾಜ್ಯವೇ ಒಮ್ಮೆ ತೋರಿಸಿದೆ. 2021ರ ಮೇ ತಿಂಗಳಲ್ಲಿ ಕೊರೊನಾ ರೋಗಿಗಳಿಗೆ ಕೊಡುತ್ತಿದ್ದ ರೆಮ್‌ಡೆಸಿವಿರ್‌ಗೆ ಹಾಹಾಕಾರ ಎದ್ದಿತ್ತು, ಕಾಳಸಂತೆಯ ಮಾತು ಎಲ್ಲ ಕಡೆ. ಆಗ ರೋಗಿಯ ಹೆಸರಲ್ಲಿ ಆಸ್ಪತ್ರೆಗೆ ಔಷಧಿ ಮಂಜೂರಾದರೆ ರೋಗಿಯ ಫೋನಿಗೇ ಎಸ್‌ಎಂಎಸ್ ಬರುವ ಹಾಗೆ ಸರ್ಕಾರ ಮಾಡಿತು. ಎಸ್‌ಆರ್‌ಎಫ್ ನಂಬರ್ (ಕೊರೊನಾ ಪರೀಕ್ಷೆಗೆ ಕೊಟ್ಟ ಗುರುತು) ಹಾಕಿ ನೋಡಬಹುದಿತ್ತು. ಆಸ್ಪತ್ರೆ ಕೊಡದಿದ್ದರೆ ದೂರು ಹೇಳಬಹುದಿತ್ತು. ಅಷ್ಟು ಗದ್ದಲದ ಕಾಲದಲ್ಲೇ ಮಾಡಿದ್ದನ್ನು ಈಗ ನೆಮ್ಮದಿಯ ಕಾಲದಲ್ಲಿ ಮಾಡೋಕೆ ಏನು ಕಷ್ಟ?

ಹಾಗಂತ ಲೆಕ್ಕ ಇದ್ದರೆ ಎಲ್ಲ ಸರಿ ಹೋಗುತ್ತದೆ ಅಂತಲೂ ಅಲ್ಲ. ಟಿಬಿ ಮಾತ್ರೆಗಳಿಗೆ ನಿಕ್ಷಯ್ ಔಷಧಿ ಅನ್ನೋ ಪ್ರತ್ಯೇಕ ಸಾಫ್ಟ್‌ವೇರ್ ಇದೆ. ಆದರೂ 2024ರ ಮಾರ್ಚ್‌ನಲ್ಲಿ ದೇಶದ ಹಲವು ಕಡೆ ಮಾತ್ರೆ ಕೊರತೆಯಾಗಿ, ಸ್ಥಳೀಯವಾಗಿ ಕೊಂಡುಕೊಳ್ಳಿ ಅಂತ ಕೇಂದ್ರವೇ ರಾಜ್ಯಗಳಿಗೆ ಪತ್ರ ಬರೆಯಬೇಕಾಯಿತು. ಟೆಂಡರ್ ತಡವಾದರೆ ಯಾವ ಆ್ಯಪ್ ಮಾತ್ರೆ ಹುಟ್ಟಿಸುತ್ತದೆ?

ಕೊನೆಗೆ ಎಂಟ್ರಿ ಮಾಡುವವರ ಮಾತು. ಲಸಿಕೆಗೆ ಇ-ವಿನ್, ಮಕ್ಕಳ ನೋಂದಣಿಗೆ ಯು-ವಿನ್, ರಾಜ್ಯದ ಔಷಧಿ ಗೋದಾಮಿಗೆ ಬೇರೆ, ಟಿಬಿಗೆ ಬೇರೆ. ಜೊತೆಗೆ ದಪ್ಪ ರಟ್ಟಿನ ರಿಜಿಸ್ಟರ್ ಹಾಗೇ ಇದೆ, ಆಡಿಟ್‌ನವರು ಅದನ್ನೇ ಕೇಳುತ್ತಾರೆ. ಒಂದೇ ಬಾಟಲಿಯನ್ನು ಎಷ್ಟು ಸಲ ಬರೆಯಬೇಕು? 2025ರ ಜನವರಿಯಲ್ಲಿ ಆಶಾ ಕಾರ್ಯಕರ್ತೆಯರು ಬೆಂಗಳೂರಿನ ಫ್ರೀಡಂ ಪಾರ್ಕ್‌ನಲ್ಲಿ ಚಳಿಯಲ್ಲಿ ಕೂತಾಗ ಗೌರವಧನದ ಜೊತೆ ಪೋರ್ಟಲ್ ಸಮಸ್ಯೆಯೂ ಅವರ ಬೇಡಿಕೆಯಲ್ಲಿತ್ತು. ಮಾಡಿದ ಕೆಲಸ ಪೋರ್ಟಲ್‌ನಲ್ಲಿ ಕಾಣದಿದ್ದರೆ ದುಡ್ಡು ಬರೋದಿಲ್ಲ ಅನ್ನೋದು ಅವರ ಹಳೇ ಗೋಳು. ಹೊಸ ವ್ಯವಸ್ಥೆ ಬಂದಾಗ ಹಳೆಯದು ಯಾವುದು ನಿಲ್ಲುತ್ತದೆ ಅಂತ ಆದೇಶದಲ್ಲೇ ಬರೆಯಬೇಕು. ಇಲ್ಲದಿದ್ದರೆ ‘ಒಂದೇ ರಾಷ್ಟ್ರೀಯ ವ್ಯವಸ್ಥೆ’ ಅನ್ನೋದು ಆ ಸಾಲಿಗೆ ಇನ್ನೊಂದಾಗುತ್ತದೆ.

ನನ್ನನ್ನು ಕೇಳಿದರೆ ಇಡೀ ದೇಶಕ್ಕೆ ಮೊದಲೇ ಕೈ ಹಾಕೋದು ಬೇಡ. ಧಾರವಾಡ, ಗದಗ, ಹಾವೇರಿ ಮೂರು ಜಿಲ್ಲೆ ಸಾಕು. ಹಾವಿನ ಔಷಧಿ, ನಾಯಿ ಕಡಿತದ ಲಸಿಕೆ, ಅದರ ಜೊತೆ ಕೊಡುವ ಇಮ್ಯುನೋಗ್ಲಾಬ್ಯುಲಿನ್ ಇಂಜೆಕ್ಷನ್ ಇಷ್ಟೇ ಸಾಕು. ಪೂರ್ತಿ ಒಬ್ಬ ರೋಗಿಗೆ ಆಗುವಷ್ಟು ಇದ್ದರೆ ಮಾತ್ರ ‘ಇದೆ’ ಅಂತ ತೋರಿಸಬೇಕು, ಇಲ್ಲದಿದ್ದರೆ ‘ಇಲ್ಲ’. ಅದು 108 ಆಂಬುಲೆನ್ಸ್‌ನವರಿಗೆ, ಆಶಾ ಅಕ್ಕಂದಿರಿಗೆ, ಸಾದಾ ಫೋನ್ ಇರುವ ರೈತನಿಗೆ ಒಂದು ಎಸ್‌ಎಂಎಸ್‌ನಲ್ಲಿ ಸಿಗಬೇಕು. ಲಕ್ಷ್ಮೇಶ್ವರದಲ್ಲಿ ಹೆಚ್ಚಿಗೆ ಇದ್ದದ್ದನ್ನು ಶಿರಹಟ್ಟಿಯವರು ನೋಡಿ ತರಿಸಿಕೊಳ್ಳೋಕೆ ಜಿಲ್ಲಾ ಕಚೇರಿಯ ಸಹಿಗೆ ಕಾಯೋ ಹಾಗಿರಬಾರದು.

ಪಿಎಚ್‌ಸಿಯಲ್ಲಿ ಕೆಲಸ ಮಾಡುವ ಫಾರ್ಮಸಿಸ್ಟ್‌ಗಳು, ಸಿಸ್ಟರ್‌ಗಳು ಯಾರಾದರೂ ಇದನ್ನು ಓದುತ್ತಿದ್ದರೆ ಒಂದು ಕೇಳಿಕೆ. ಒಂದು ಬಾಟಲಿ ಬಂದರೆ ನೀವು ಅದನ್ನು ಎಷ್ಟು ಕಡೆ ಬರೆಯುತ್ತೀರಿ? ಪಕ್ಕದ ಪಿಎಚ್‌ಸಿಯ ಸ್ಟಾಕ್ ನಿಮಗೆ ಕಾಣುತ್ತದಾ, ಅಥವಾ ಫೋನ್ ಮಾಡಿಯೇ ಕೇಳಬೇಕಾ? ಹೆಸರು, ಊರು ಹಾಕೋದು ಬೇಡ, ನೌಕರಿಗೆ ತೊಂದರೆ ಆಗೋದು ಬೇಡ. ಇನ್‌ಬಾಕ್ಸ್‌ಗೆ ಬರೆದರೂ ನಡೆಯುತ್ತದೆ.