ಒಂದು ಮೆತ್ತಗಿನ ಬ್ರೇಕ್‌ಗೆ ಮೂರು ಸಲ ಹಣ ತೆತ್ತವನ ಅಳಲು

ಮಲ್ಪೆಯಿಂದ ತೀರ್ಥಹಳ್ಳಿಗೆ ಮೀನು ಸಾಗಿಸುವ ಒಂದೇ ಒಂದು ಪಿಕ್‌ಅಪ್ ಗಾಡಿಯನ್ನು ನಂಬಿ ಸಂಸಾರ ನಡೆಸುವವನು ನಾನು. ಹೋಗುವಾಗ ಬಂಗುಡೆ, ಬೂತಾಯಿ, ಅವುಗಳ ಮೇಲೆ ಐಸಿನ ಭಾರ; ಬರುವಾಗ ಖಾಲಿ ಪೆಟ್ಟಿಗೆಗಳು; ನಡುವೆ ಆಗುಂಬೆ ಘಾಟಿಯ ಹದಿನಾಲ್ಕು ತಿರುವುಗಳು. ಮೇ ತಿಂಗಳ ಕೊನೆಯಲ್ಲಿ ಒಂದು ದಿನ ಮಣಿಪಾಲದಿಂದ ಇಂದ್ರಾಳಿಯ ಕಡೆಗೆ ಇಳಿಯುತ್ತಿದ್ದಾಗ ಬ್ರೇಕ್ ಪೆಡಲ್ ನೆನೆದ ಹತ್ತಿಯ ಮೂಟೆಯನ್ನು ತುಳಿದಂತೆ ಒಳಗೆ ಹೋಯಿತು. ಎರಡನೆಯ ಸಲ ಒತ್ತಿದಾಗ ಸ್ವಲ್ಪ ಮೇಲೆ ಸಿಕ್ಕಿತು, ಮೂರನೆಯ ಸಲ ಗಟ್ಟಿಯಾಯಿತು. ಎದುರಿನ ಬಸ್ಸು ಮೂರು ಸಲ ಒತ್ತುವಷ್ಟು ಸಮಯ ಕೊಟ್ಟಿದ್ದರಿಂದ ಇದನ್ನು ಬರೆಯುತ್ತಿದ್ದೇನೆ.

ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ದೋಣಿಗಳ ಮೀನುಗಾರಿಕೆಗೆ ನಿಷೇಧವಿರುವುದರಿಂದ ರಿಪೇರಿಗೆ ಬೇಕಾದಷ್ಟು ಸಮಯವಿತ್ತು. ಹೆದ್ದಾರಿ ಬದಿಯ, ಗಾಜಿನ ಕ್ಯಾಬಿನ್ ಇರುವ ಗ್ಯಾರೇಜೊಂದಕ್ಕೆ ಗಾಡಿಯನ್ನು ಒಯ್ದೆ. ಹೆಸರು ಹೇಳುವುದಿಲ್ಲ. ಅಲ್ಲಿನ ಸೂಪರ್‌ವೈಸರ್ ಪೆಡಲನ್ನು ಒಮ್ಮೆ ಕಾಲಿನಿಂದ ಮುಟ್ಟಿ, ಗಾಡಿಯಿಂದ ಇಳಿಯುವ ಮೊದಲೇ, ಮುಂದಿನ ಬ್ರೇಕ್ ಪ್ಯಾಡ್ ಸವೆದಿದೆ ಎಂದು ತೀರ್ಪು ಕೊಟ್ಟರು. ಪ್ಯಾಡ್ ಬದಲಾಯಿತು, ಏರ್ ತೆಗೆದದ್ದಾಯಿತು (ಬ್ರೇಕ್ ಎಣ್ಣೆಯ ಕೊಳವೆಗಳಲ್ಲಿ ಸೇರಿಕೊಂಡ ಗಾಳಿಯನ್ನು ಹೊರಹಾಕುವ ಕೆಲಸ), ಪೆಡಲ್ ಮಾತ್ರ ಹಾಗೆಯೇ ಉಳಿಯಿತು. ಎರಡನೆಯ ಸಲ ಹೋದಾಗ, ಪೆಡಲ್ ಒತ್ತಿದಾಗ ಎಣ್ಣೆಯನ್ನು ಚಕ್ರಗಳತ್ತ ದೂಡುವ ಮಾಸ್ಟರ್ ಸಿಲಿಂಡರ್ ಹೋಗಿದೆ ಎಂದರು, ಅದೂ ಬದಲಾಯಿತು. ಹಳೆಯ ಸಿಲಿಂಡರನ್ನು ಕೊಡಿ ಎಂದು ಕೇಳಿದರೆ ಗುಜರಿಗೆ ಹೋಯಿತು ಎಂಬ ಉತ್ತರ. ಬೆಳಿಗ್ಗೆ ಬಿಚ್ಚಿದ ಭಾಗ ಮಧ್ಯಾಹ್ನದೊಳಗೆ ಯಾವ ಗುಜರಿಗೆ ಹೋಗುತ್ತದೋ ನನಗಂತೂ ತಿಳಿಯದು. ಮೂರನೆಯ ಸಲ, ಕಾಲಿನ ಒತ್ತನ್ನು ಹೆಚ್ಚಿಸಿಕೊಡುವ ಬೂಸ್ಟರ್ ಮೇಲೆ ಆರೋಪ ಬಂತು. ಅಷ್ಟರಲ್ಲಿ 11,400 ರೂಪಾಯಿ ತೆತ್ತಿದ್ದ ನಾನು, ಆಗಸ್ಟ್ ಹತ್ತಿರ ಬಂತೆಂಬ ಗಾಬರಿಯಲ್ಲಿ, ಬೂಸ್ಟರ್ ತರಿಸಲು ಇನ್ನೂ 2,000 ರೂಪಾಯಿ ಮುಂಗಡ ಕೊಟ್ಟು ಬಂದೆ. ಆ ಮೂರ್ಖತನ ಪೂರ್ತಿ ನನ್ನದೇ.

ನನ್ನ ಸಿಟ್ಟು ಹಣದ ಮೇಲೆ ಮಾತ್ರ ಅಲ್ಲ. ಬೂಸ್ಟರ್ ಕೆಟ್ಟರೆ ಪೆಡಲ್ ಕಲ್ಲಿನಂತೆ ಗಟ್ಟಿಯಾಗುತ್ತದೆಯೇ ಹೊರತು ಹೀಗೆ ಮೆತ್ತಗಾಗುವುದಿಲ್ಲ ಎಂಬುದು ಈ ಕೆಲಸದಲ್ಲಿ ಇರುವವರಿಗೆ ಗೊತ್ತಿರಲೇಬೇಕಾದ ಮಾತು. ಇಂಜಿನ್ ನಿಲ್ಲಿಸಿ, ಪೆಡಲನ್ನು ಕೆಲವು ಸಲ ಒತ್ತಿ, ಕಾಲನ್ನು ಹಾಗೆಯೇ ಇಟ್ಟು ಇಂಜಿನ್ ಚಾಲೂ ಮಾಡಿದಾಗ ಪೆಡಲ್ ಸ್ವಲ್ಪ ಕೆಳಗೆ ಇಳಿದರೆ ಬೂಸ್ಟರ್ ಕೆಲಸ ಮಾಡುತ್ತಿದೆ ಎಂದರ್ಥ. ಮಾಸ್ಟರ್ ಸಿಲಿಂಡರಿನ ಒಳಗಿನ ರಬ್ಬರ್ ಹೋಗಿದ್ದರೆ, ಒತ್ತಿ ಹಿಡಿದ ಪೆಡಲ್ ಕಾಲಿನ ಕೆಳಗೆ ನಿಧಾನವಾಗಿ ಜಾರುತ್ತಾ ಹೋಗುತ್ತದೆ. ನನ್ನ ಗಾಡಿಯಲ್ಲಿ ಮೂರನೆಯ ಒತ್ತಿಗೆ ಗಟ್ಟಿಯಾದ ಪೆಡಲ್ ಎಷ್ಟು ಹೊತ್ತು ಹಿಡಿದರೂ ಜಾರುತ್ತಿರಲಿಲ್ಲ. ಒಂದೆರಡು ನಿಮಿಷ ಸೀಟಿನಲ್ಲಿ ಕುಳಿತು ನೋಡಿದ್ದರೆ ಎರಡೂ ಭಾಗಗಳು ನಿರ್ದೋಷಿಗಳೆಂದು ತಿಳಿಯುತ್ತಿತ್ತು. ಆದರೆ ನೋಡಿದ್ದಕ್ಕೆ ಬಿಲ್ ಹಾಕಲು ಬರುವುದಿಲ್ಲ, ಬದಲಿಸಿದ್ದಕ್ಕೆ ಹಾಕಬಹುದು.

ಕೊನೆಗೆ ಹಿರಿಯಡ್ಕದ ಕಡೆ ತಗಡಿನ ಮಾಡಿನ ಕೆಳಗೆ ಕೆಲಸ ಮಾಡುವ ಹಿರಿಯ ಮೆಕ್ಯಾನಿಕ್ ಒಬ್ಬರ ಬಳಿಗೆ ಹೋದೆ. ಅವರು ಗಾಡಿಯನ್ನು ಮುಟ್ಟುವ ಮೊದಲು ಕೇಳಿದ್ದು ಒಂದೇ ಪ್ರಶ್ನೆ: “ಜಾಕ್ ಕೊಟ್ಟು ಎತ್ತಿ ಏರ್ ತೆಗೆದದ್ದಾ, ಅಲ್ಲ ಟಯರ್ ನೆಲದಲ್ಲಿ ಇರುವಾಗಲಾ?” ಎತ್ತಿಯೇ ತೆಗೆದದ್ದು, ನಾನು ನಿಂತು ನೋಡಿದ್ದೆ ಎಂದೆ. “ಹಾಗಾದರೆ ಹಿಂದಿನದ್ದು ಪೂರ್ತಿ ಬಂದಿರಲಿಕ್ಕಿಲ್ಲ ಮಾರಾಯ್ರೆ” ಎಂದು ಅವರು ಗಾಡಿಯ ಕೆಳಗೆ ತೂರಿದರು.

ನನ್ನ ಗಾಡಿಯಲ್ಲಿ ಹಿಂದಿನ ಬ್ರೇಕಿಗೆ ಹೋಗುವ ಎಣ್ಣೆಯ ಒತ್ತಡವನ್ನು ಭಾರಕ್ಕೆ ತಕ್ಕಂತೆ ಹೆಚ್ಚುಕಡಿಮೆ ಮಾಡುವ ಒಂದು ವಾಲ್ವ್ ಇದೆ. ಹಿಂದಿನ ಆಕ್ಸಲ್‌ಗೂ ಚಾಸಿಗೂ ನಡುವಿನ ಅಂತರವನ್ನು ಒಂದು ಸರಳಿನ ಮೂಲಕ ಅದು ಅಳೆಯುತ್ತದೆ. ಭಾರ ಹೆಚ್ಚಿದ್ದರೆ ಅಂತರ ಕಡಿಮೆ, ಆಗ ಹಿಂದಕ್ಕೆ ಒತ್ತಡ ಹೆಚ್ಚು. ಗಾಡಿ ಖಾಲಿಯಿದ್ದರೆ ಹಿಂದಿನ ಚಕ್ರ ಲಾಕ್ ಆಗಿ ಜಾರದಿರಲಿ ಎಂದು ಒತ್ತಡ ಕಡಿಮೆ. ಚಾಸಿಗೆ ಜಾಕ್ ಕೊಟ್ಟು ಎತ್ತಿದಾಗ ಆಕ್ಸಲ್ ಕೆಳಗೆ ಜೋತು ಬಿದ್ದು, ಗಾಡಿ ಪೂರ್ತಿ ಖಾಲಿಯಾಗಿದೆ ಎಂದು ವಾಲ್ವ್ ಎಣ್ಣೆಯ ದಾರಿಯನ್ನು ಬಿಗಿ ಹಿಡಿಯುತ್ತದೆ. ಆ ಸ್ಥಿತಿಯಲ್ಲಿ ಗಾಳಿ ಹೊರಬಿಡುವ ನಿಪ್ಪಲ್ ಸಡಿಲಿಸಿ ಎಷ್ಟು ಪಂಪ್ ಮಾಡಿದರೂ ಬರುವುದು ತೊಟ್ಟು ತೊಟ್ಟು ಎಣ್ಣೆ; ಗಾಳಿ ಒಳಗೇ ಉಳಿಯುತ್ತದೆ. ಮೂರು ಸಲ ನನ್ನಿಂದ ಏರ್ ತೆಗೆದ ಕೂಲಿ ವಸೂಲು ಮಾಡಿದ್ದು ಈ ಕೆಲಸಕ್ಕೆ.

ಆ ಹಿರಿಯರು ಬಾಯಿಯ ಅಂಚು ಗುಂಡಗಿರುವ ಕ್ಲ್ಯಾಂಪಿನಿಂದ ಮೊದಲು ಮುಂದಿನ ಎರಡು ರಬ್ಬರ್ ಹೋಸ್‌ಗಳನ್ನು ಹಿಡಿದರು; ಪೆಡಲ್ ಮೆತ್ತಗೇ ಇತ್ತು. ಹಿಂದಿನ ಹೋಸನ್ನು ಹಿಡಿದ ಕೂಡಲೇ ಪೆಡಲ್ ಮೇಲೆಯೇ ನಿಂತಿತು. ಎಣ್ಣೆ ಹಿಂದಕ್ಕೆ ಹೋಗದಂತೆ ತಡೆದಾಗ ಪೆಡಲ್ ಗಟ್ಟಿಯಾಯಿತೆಂದರೆ ದೋಷ ಹಿಂದೆಯೇ ಇದೆ ಎಂದರ್ಥ. ಇಷ್ಟಕ್ಕೆ ಐದು ನಿಮಿಷವೂ ಬೇಕಾಗಲಿಲ್ಲ. ಹಿಂದಿನ ಡ್ರಮ್ ಬಿಚ್ಚಿದಾಗ ಇನ್ನೊಂದು ಸಂಗತಿ ಹೊರಬಿತ್ತು: ಮೀನಿನ ಪೆಟ್ಟಿಗೆಗಳಿಂದ ಸೋರುವ ಉಪ್ಪುನೀರಿಗೆ ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗಳ ಅಂತರ ಸರಿಪಡಿಸುವ ಅಡ್ಜಸ್ಟರ್ ತುಕ್ಕು ಹಿಡಿದು ಸಿಕ್ಕಿಹಾಕಿಕೊಂಡಿತ್ತು, ಶೂ ಮತ್ತು ಡ್ರಮ್ಮಿನ ನಡುವೆ ಅಂತರ ಬೆಳೆದಿತ್ತು. ಮೊದಲ ಒತ್ತು ಆ ಅಂತರವನ್ನು ತುಂಬುವುದಕ್ಕೇ ಖರ್ಚಾಗುತ್ತಿತ್ತು. ಮೂರು ಭೇಟಿಗಳಲ್ಲಿ ಆ ಗಾಜಿನ ಕ್ಯಾಬಿನ್ನಿನವರು ಹಿಂದಿನ ಡ್ರಮ್ಮನ್ನು ಒಮ್ಮೆಯೂ ಬಿಚ್ಚಿರಲಿಲ್ಲ. ಅದರ ಬೋಲ್ಟಿನ ತುಕ್ಕೇ ಅದಕ್ಕೆ ಸಾಕ್ಷಿ.

ಅಡ್ಜಸ್ಟರ್ ಬಿಡಿಸಿ ಗ್ರೀಸ್ ಹಾಕಿ, ಶೂಗಳನ್ನು ಸರಿಯಾದ ಅಂತರಕ್ಕೆ ತಂದು, ನಾಲ್ಕೂ ಟಯರ್ ನೆಲದ ಮೇಲಿರುವಾಗಲೇ ಹಿಂದೆ ಅಕ್ಕಿಯ ಮೂಟೆಗಳನ್ನು ಹೇರಿ, ಮಾಸ್ಟರ್ ಸಿಲಿಂಡರಿಗೆ ಅತಿ ದೂರದ ಎಡ ಹಿಂಚಕ್ರದಿಂದ ಆರಂಭಿಸಿ ಅವರು ಏರ್ ತೆಗೆದರು. ಸೀಲ್ ಒಡೆಯದ ಹೊಸ ಡಬ್ಬದ ಎಣ್ಣೆಯನ್ನೇ ಹಾಕಿದರು. ಗ್ಯಾರೇಜಿನಲ್ಲಿ ಜುಲೈ ಮಳೆಯ ತೇವದಲ್ಲಿ ಮುಚ್ಚಳ ತೆರೆದಿಟ್ಟ ಡಬ್ಬದಿಂದ ಸುರಿದದ್ದು ನನಗೆ ಆಗ ನೆನಪಾಯಿತು. ಬ್ರೇಕ್ ಎಣ್ಣೆ ಗಾಳಿಯ ತೇವವನ್ನು ಹೀರುತ್ತದೆ. ಡಾಟ್ 4 ದರ್ಜೆಯ ಬ್ರೇಕ್ ಎಣ್ಣೆ ಹೊಸದಿದ್ದಾಗ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ನಿಯಮವಿದ್ದರೆ, ತೇವ ಹೀರಿದ ಎಣ್ಣೆಗೆ ಆ ಮಿತಿ 155ಕ್ಕೆ ಇಳಿಯುತ್ತದೆ. ಆಗುಂಬೆ ಇಳಿಯುವಾಗ ಕಾದ ಬ್ರೇಕಿನಲ್ಲಿ ಅಂಥ ಎಣ್ಣೆ ಕುದಿದು ಆವಿಯಾದರೆ ಕಾಲಿಗೆ ಸಿಗುವುದು ಬರೀ ಪೆಡಲ್, ಬ್ರೇಕ್ ಅಲ್ಲ. ಅಂಥ ಎಣ್ಣೆ ತುಂಬಿ, ಮೇಲೆ ಸೀಲ್ ಒತ್ತಿದ ಬಿಲ್ ಕೊಟ್ಟು, “ಈ ಮಾಡೆಲ್ಲಿನ ಪೆಡಲ್ ಇರುವುದೇ ಹೀಗೆ ಅಣ್ಣ” ಎಂದು ನನ್ನನ್ನು ಘಾಟಿಗೆ ಕಳುಹಿಸಲು ಹೊರಟಿದ್ದರು.

ಹಿರಿಯಡ್ಕದಲ್ಲಿ ಕೊಟ್ಟದ್ದು ಎಣ್ಣೆಯೂ ಸೇರಿ 1,350 ರೂಪಾಯಿ. ಪೆಡಲ್ ಈಗ ಮೊದಲ ಒತ್ತಿಗೇ ಮೇಲೆ ಸಿಗುತ್ತದೆ. ಮುಂಗಡ ವಾಪಸು ಕೇಳಲು ಹೆದ್ದಾರಿ ಬದಿಯ ಆ ಗ್ಯಾರೇಜಿಗೆ ಎರಡು ಸಲ ಹೋದೆ. ಆರ್ಡರ್ ಹಾಕಿಯಾಗಿದೆ, ರದ್ದು ಮಾಡಲು ಬರುವುದಿಲ್ಲ ಎಂದರು. ನಿನ್ನೆ ಮಲ್ಪೆಯ ದಕ್ಕೆಯಲ್ಲಿ ಮೀನು ತುಂಬಿಸುತ್ತಿದ್ದಾಗ ಆ ಗ್ಯಾರೇಜಿನಿಂದಲೇ ಫೋನ್ ಬಂತು: ಬೂಸ್ಟರ್ ಬಂದಿದೆಯಂತೆ, ಗಾಡಿ ಯಾವಾಗ ತರುತ್ತೀರಿ ಎಂದು ಕೇಳುತ್ತಿದ್ದರು.