ತೊಗರಿಗೆ ಸೂಟು, ಟೀಮಿಗೆ ಮಾರ್ಕು

2026ರ ಜನವರಿ 11ಕ್ಕೆ ವಡೋದರದಲ್ಲಿ ನ್ಯೂಜಿಲೆಂಡ್ ಜೊತೆ ಏಕದಿನ ಸರಣಿ ಶುರುವಾಗುವುದಿತ್ತು. ಆಮೇಲೆ ರಾಜ್‌ಕೋಟ್, ಇಂದೋರ್. ಇದ್ದದ್ದು ಮೂರೇ ಪಂದ್ಯ, ಬಲಾಬಲದ ಲೆಕ್ಕ ಮಾತ್ರ ವಾರದಿಂದ ನಡೆದಿತ್ತು. ಟೀವಿಯಲ್ಲಿ ಕೋಟು ಹಾಕಿಕೊಂಡವರು ಬ್ಯಾಟಿಂಗಿಗೆ ಹತ್ತಕ್ಕೆ ಒಂಬತ್ತೂವರೆ, ಬೌಲಿಂಗಿಗೆ ಎಂಟು, ಫೀಲ್ಡಿಂಗಿಗೆ ಏಳೂಮುಕ್ಕಾಲು ಅಂತ ಮಾರ್ಕು ಹಾಕುತ್ತಿದ್ದರು. ಆ ಮುಕ್ಕಾಲನ್ನು ಯಾವ ತಕ್ಕಡಿಯಲ್ಲಿ ತೂಗಿದರೋ ದೇವರಿಗೇ ಗೊತ್ತು.

ನಮ್ಮ ಕಲಬುರಗಿಯಲ್ಲಿ ಆಗ ತೊಗರಿ ಕಾಲ. ನಾನೂ ಆರು ಚೀಲ ತಂದು, ಗಂಜ್‌ನಲ್ಲಿ, ಅಂದರೆ ಕಾಳು ಮಾರುಕಟ್ಟೆಯಲ್ಲಿ ಇಳಿಸಿ, ನನ್ನ ಸರದಿ ಬರುವ ತನಕ ಚಹಾ ಅಂಗಡಿ ಮುಂದೆ ಕೂತಿದ್ದೆ. ಅಲ್ಲಿನ ಆಯ್ಕೆ ಸಮಿತಿ ಬಿಸಿಸಿಐನದಕ್ಕಿಂತ ದೊಡ್ಡದು. ಮಿರ್ಚಿ ಭಜಿಯ ತೊಟ್ಟು ಕಿತ್ತೆಸೆಯುತ್ತಾ ಒಬ್ಬರು ತೀರ್ಪು ಕೊಟ್ಟರು: "ನ್ಯೂಜಿಲೆಂಡಿನ ವಿಲಿಯಮ್ಸನ್ ಬಂದಿಲ್ಲ, ಸ್ಯಾಂಟ್ನರ್ ಬಂದಿಲ್ಲ. ಬಿ ಟೀಮ್ ಅದರೀ ಅದು. ಇಲ್ಲಿತನಕ ನಮ್ಮಲ್ಲಿ ಬಂದು ಒಂದಾದ್ರೂ ಏಕದಿನ ಸರಣಿ ಗೆದ್ದಾರೇನ್ರೀ?"

ಅಲ್ಲಿತನಕ ಗೆದ್ದಿರಲಿಲ್ಲ, ನಿಜ. ಆದರೆ 2024ರ ಅಕ್ಟೋಬರ್ ತನಕ ಅವರು ಇಲ್ಲಿ ಟೆಸ್ಟ್ ಸರಣಿಯನ್ನೂ ಗೆದ್ದಿರಲಿಲ್ಲ, ಆಗಲೂ ವಿಲಿಯಮ್ಸನ್ ಆಡಿರಲಿಲ್ಲ, ಆಗಲೂ ಇವರೇ ಹೀಗೇ ತೂಗಿದ್ದರು. ನಮ್ಮವರು ಬೆಂಗಳೂರಲ್ಲಿ 46 ರನ್ನಿಗೆ ಗಂಟುಮೂಟೆ ಕಟ್ಟಿದರು. ಮೂರೂ ಟೆಸ್ಟ್ ಹೋಯಿತು. ಅದನ್ನು ನೆನಪಿಸಿದ್ದೇ ತಪ್ಪಾಯಿತು. "ಅದು ಟೆಸ್ಟ್ ರೀ, ಇದು ವನ್‌ಡೇ" ಅಂದು ಇಡೀ ಸಮಿತಿ ನನ್ನ ಕಡೆಗೆ ಬೆನ್ನು ಮಾಡಿತು.

ಇನ್ನು ಟಾಸ್. ಇದರ ಮೇಲೆ ಟೀವಿಯಲ್ಲಿ ಅರ್ಧ ಗಂಟೆ ಚರ್ಚೆ ಆಗುತ್ತದೆ. 2023ರ ವಿಶ್ವಕಪ್ ಫೈನಲ್‌ನಿಂದ ಹಿಡಿದು ನಮ್ಮವರು ಸತತ 20 ಏಕದಿನ ಪಂದ್ಯಗಳಲ್ಲಿ ಟಾಸ್ ಸೋತರು. ಅದರ ನಡುವೆಯೇ 2025ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಐದಕ್ಕೆ ಐದೂ ಟಾಸ್ ಸೋತು, ಐದಕ್ಕೆ ಐದೂ ಪಂದ್ಯ ಗೆದ್ದು, ಫೈನಲ್‌ನಲ್ಲಿ ಇದೇ ನ್ಯೂಜಿಲೆಂಡನ್ನು ಸೋಲಿಸಿ ಕಪ್ಪು ತಂದರು. ಆದರೂ ಟಾಸ್ ನಿರ್ಣಾಯಕವಂತೆ! ಕೊನೆಗೆ 2025ರ ಡಿಸೆಂಬರ್ 6ರಂದು ವಿಶಾಖಪಟ್ಟಣದಲ್ಲಿ ನಮ್ಮ ರಾಹುಲ್ ಎಡಗೈಯಿಂದ ನಾಣ್ಯ ಹಾರಿಸಿ ಟಾಸ್ ಗೆದ್ದರು. ಪಂದ್ಯ 9 ವಿಕೆಟ್‌ಗಳಿಂದ ಗೆದ್ದಿತು ನಮ್ಮ ತಂಡ. ಜೈಸ್ವಾಲ್ ಶತಕ ಹೊಡೆದರು ಪಾಪ, ಹೆಸರು ಬಂದದ್ದು ಎಡಗೈಗೆ.

ಟಾಸ್ ಮುಗಿದರೆ ಇಬ್ಬನಿ. ವಡೋದರದಲ್ಲಿ ಇಬ್ಬನಿ ಯಾವ ಓವರಿಗೆ ಬೀಳುತ್ತದೆ, ಚೆಂಡು ಎಷ್ಟು ಒದ್ದೆಯಾಗುತ್ತದೆ, ಸ್ಪಿನ್ನರ್ ಬೆರಳು ಹೇಗೆ ಜಾರುತ್ತದೆ ಅಂತ ಚಹಾ ಅಂಗಡಿಯವರೆಲ್ಲ ಬಲ್ಲರು. ಇಲ್ಲೇ, ಹತ್ತು ಹೆಜ್ಜೆ ದೂರದಲ್ಲಿ, ರಾತ್ರಿ ಬಯಲಲ್ಲೇ ಇದ್ದ ನನ್ನ ಆರು ಚೀಲಗಳ ಮೇಲೂ ಇಬ್ಬನಿ ಬಿದ್ದಿತ್ತು. ಅದರ ಬಗ್ಗೆ ಯಾವ ಪರಿಣಿತರೂ ಬಾಯಿ ಬಿಡಲಿಲ್ಲ.

2025-26ರಲ್ಲಿ ತೊಗರಿಗೆ ಸರ್ಕಾರದ ಬೆಂಬಲ ಬೆಲೆ ಕ್ವಿಂಟಲ್‌ಗೆ 8,000 ರೂಪಾಯಿ ಇತ್ತು. ಸರ್ಕಾರಿ ಖರೀದಿ ಕೇಂದ್ರದಲ್ಲಿ ಕೊಡಬೇಕಂದ್ರೆ ತೇವಾಂಶ ಶೇ. 12ಕ್ಕಿಂತ ಜಾಸ್ತಿ ಇರಬಾರದು, ನೋಂದಣಿ ಬೇಕು, ಕಾಯಬೇಕು. ನನಗೆ ಸಾಲದ ಗಡಿಬಿಡಿ. ಅದಕ್ಕೇ ಇತ್ತ ಗಂಜ್‌ಗೆ ಬಂದಿದ್ದೆ. ಕಾಳು ಕೊಳ್ಳುವ ಸಾಹುಕಾರರು ಒಂದು ಕೈಯಲ್ಲಿ ಮೊಬೈಲ್ ಹಿಡಿದು ಗಿಲ್ ನಾಯಕತ್ವದ ಮೇಲಿನ ಚರ್ಚೆ ಕೇಳುತ್ತಲೇ ಇನ್ನೊಂದು ಕೈಯನ್ನು ಚೀಲಕ್ಕೆ ಹಾಕಿದರು. ನಾಲ್ಕು ಕಾಳು ತೆಗೆದು, ಒಂದನ್ನು ಬಾಯಿಗೆ ಹಾಕಿ ಕಡಿದರು. ಕಟಕ್ ಅನ್ನಲಿಲ್ಲ.

"ಹಸಿ ಅದ. ಚೀಲಕ್ಕ ಎರಡು ಕೆ.ಜಿ. ಸೂಟು."

ಸೂಟು ಅಂದರೆ ತೂಕದಲ್ಲಿ ಕಡಿತ. ತೇವ ಅಳೆಯೋ ಮಷೀನ್ ಇಟ್ಟು ನೋಡ್ರಿ ಅಂದೆ. ಇನ್ನೊಂದು ಚೀಲದ ಕಾಳು ಕಡಿದು ನೋಡ್ರಿ ಅಂದೆ.

"ಇಲ್ಲಿ ಥರ್ಡ್ ಅಂಪೈರ್ ಇಲ್ಲರೀ" ಅಂತ ನಕ್ಕು, ಸಾಹುಕಾರರು ಹನ್ನೆರಡು ಕೆ.ಜಿ. ಕಡಿದು ಚೀಟಿ ಬರೆದರು. "ಮುಂದಿನ ಸಲ ಚೀಲ ಎಡಗೈಲೆ ಇಳಸ್ರಿ."