ಫೋಟೊ ತಾಗದ ಸೀಲು

ಪ್ರಶ್ನೆ: ಅಂತರ ಕಾಲೇಜು ಕ್ರೀಡಾಕೂಟಗಳಲ್ಲಿ ಅರ್ಹತೆಯ ನಿಯಮಗಳನ್ನು ಯಾರಿಗೂ ವಿನಾಯಿತಿ ಕೊಡದೆ, ಎಲ್ಲ ಕಾಲೇಜುಗಳಿಗೂ ಒಂದೇ ಬಿಗಿಯಲ್ಲಿ ಜಾರಿ ಮಾಡಬೇಕೇ? ಕೊಪ್ಪಳ ಜಿಲ್ಲೆಯ ಮಾಜಿ ಖೊಖೊ ಆಟಗಾರ್ತಿಯೊಬ್ಬರು ಹೌದು ಎನ್ನುತ್ತಾರೆ. ಅವರ ಬರಹವನ್ನು ಓದಿದ ರಾಯಚೂರು ಜಿಲ್ಲೆಯ ದೈಹಿಕ ಶಿಕ್ಷಣ ಅಧ್ಯಾಪಕರೊಬ್ಬರು ಕೂಡದು ಎನ್ನುತ್ತಾರೆ.

ಪರ: ‘ಆಮೇಲೆ ನೋಡೋಣ’ ಎಂಬ ಮಾತು ಯಾರಿಗೆ ಸಿಗುತ್ತದೆ?

ಬೆಳಗಿನ ಐದೂವರೆಯ ಬಸ್ಸಿಗೆ ಹತ್ತು ಹುಡುಗಿಯರು ಹೊರಟಿದ್ದೆವು. ರೊಟ್ಟಿ, ಶೇಂಗಾ ಚಟ್ನಿಯ ಬುತ್ತಿ, ಬಣ್ಣ ಒಂದೇ ಆದರೂ ಅಳತೆ ಯಾರಿಗೂ ಸರಿಹೊಂದದ ಜೆರ್ಸಿಗಳು, ಪಿ.ಇ. ಸರ್ ಕೈಯಲ್ಲಿ ಒಂದು ಪ್ಲಾಸ್ಟಿಕ್ ಫೈಲು. ಫೈಲಿನಲ್ಲಿ ನಮ್ಮ ಹತ್ತು ಅರ್ಹತಾ ಫಾರಂಗಳಿದ್ದವು. ಮಳೆ ಹನಿಯುತ್ತಿದ್ದುದರಿಂದ ಸರ್ ಅದನ್ನು ಅಂಗಿಯೊಳಗೆ ಇಟ್ಟುಕೊಂಡು ಕುಳಿತಿದ್ದರು.

ಕೂಟ ನಡೆಯುತ್ತಿದ್ದ ಕಾಲೇಜಿನ ಶಾಮಿಯಾನದ ಕೆಳಗೆ ದಾಖಲೆ ಪರಿಶೀಲನೆಯ ಮೇಜು. ಪ್ರಾಂಶುಪಾಲರ ಸೀಲು ಅರ್ಧ ಫೋಟೊ ಮೇಲೆ, ಅರ್ಧ ಕಾಗದದ ಮೇಲೆ ಬೀಳಬೇಕೆಂಬುದು ನಿಯಮ. ಎಂಟು ಫಾರಂಗಳಲ್ಲಿ ಹಾಗೆಯೇ ಬಿದ್ದಿತ್ತು. ಎರಡರಲ್ಲಿ ಮಾತ್ರ ಆ ನೇರಳೆ ಬಣ್ಣದ ದುಂಡು ಸೀಲು ಫೋಟೊದ ಅಂಚಿಗಿಂತ ಒಂದು ಭತ್ತದ ಕಾಳಿನಷ್ಟು ಈಚೆಗೆ ನಿಂತಿತ್ತು. ಸರ್ ನಮ್ಮ ಪ್ರಾಂಶುಪಾಲರಿಗೆ ಫೋನ್ ಮಾಡಿಸಿದರು. ಹೊಸ ಪ್ರತಿಯನ್ನು ವಾಟ್ಸ್ಆ್ಯಪ್‌ನಲ್ಲಿ ತರಿಸುತ್ತೇನೆ ಎಂದರು. ಮೂಲ ಪ್ರತಿಯೇ ಬೇಕು ಎಂಬ ಉತ್ತರ ಬಂತು. ಎರಡು ಹೆಸರಿನ ಮೇಲೆ ಗೀಟು ಎಳೆದರು. ಎಂಟು ಮಂದಿ ಉಳಿದೆವು. ಖೊಖೊ ಅಂಕಣಕ್ಕೆ ಇಳಿಯಲು ಒಂಬತ್ತು ಮಂದಿ ಬೇಕು. ಎದುರಾಳಿ ತಂಡಕ್ಕೆ ವಾಕ್‌ಓವರ್ ಬರೆದುಕೊಂಡರು.

ನಮ್ಮೂರ ಬಸ್ಸು ಸಂಜೆಗೆ ಇದ್ದುದರಿಂದ ಅಲ್ಲೇ ಕುಳಿತು ಉಳಿದ ಪಂದ್ಯಗಳನ್ನು ನೋಡಿದೆವು. ಆತಿಥೇಯ ಕಾಲೇಜಿನ ತಂಡದಲ್ಲಿ ನನಗೆ ಗೊತ್ತಿದ್ದ ಮುಖವೊಂದು ಕಂಡಿತು. ಹಿಂದಿನ ವರ್ಷ ನಾನು ಅವಳ ಎದುರು ಆಡಿದ್ದೆ. ಅವಳು ಆಗಲೇ ಕೊನೆಯ ಸೆಮಿಸ್ಟರ್ ಮುಗಿಸಿ ಹೋಗಿ, ಶಾಲೆಯೊಂದರಲ್ಲಿ ಮಕ್ಕಳಿಗೆ ಆಟ ಹೇಳಿಕೊಡುತ್ತಿದ್ದಳು. ಸರ್ ಶುಲ್ಕ ಕಟ್ಟಿ ಲಿಖಿತ ಆಕ್ಷೇಪಣೆ ಕೊಟ್ಟರು. ‘ಈಗ ಆಟ ನಡೆಯಲಿ, ದಾಖಲೆಯನ್ನು ಆಮೇಲೆ ನೋಡೋಣ’ ಎಂದರು ಸಂಘಟಕರು. ಅವಳು ಫೈನಲ್‌ವರೆಗೂ ಓಡಿದಳು. ಆ ‘ಆಮೇಲೆ’ ಇವತ್ತಿಗೂ ಬಂದಿಲ್ಲ.

ನನ್ನ ಇಬ್ಬರು ಗೆಳತಿಯರನ್ನು ಕೂರಿಸಿದ್ದಕ್ಕೆ ನನಗೆ ಸಿಟ್ಟಿಲ್ಲ. ಸೀಲು ತಪ್ಪಿತ್ತು, ಒಪ್ಪುತ್ತೇನೆ. ಅದೇ ದಿನ, ಅದೇ ಮೇಜು ಇನ್ನೊಬ್ಬಳಿಗೆ ಬಾಗಿತಲ್ಲ, ಅದನ್ನು ಇಷ್ಟು ವರ್ಷಗಳಾದರೂ ನುಂಗಿಕೊಳ್ಳಲು ನನ್ನಿಂದ ಆಗಿಲ್ಲ.

ಈ ‘ಆಮೇಲೆ ನೋಡೋಣ’ ನಮ್ಮ ಭಾಗದ್ದಷ್ಟೇ ರೋಗವಲ್ಲ. ಕಾಲೇಜು ಕ್ರೀಡೆಯೇ ದೊಡ್ಡ ಉದ್ಯಮವಾಗಿರುವ ಅಮೆರಿಕದಲ್ಲಿ ಎನ್‌ಸಿಎಎ ಎಂಬ ಸಂಸ್ಥೆ 1906ರಿಂದ ನಿಯಮ ನೋಡಿಕೊಳ್ಳುತ್ತಿದೆ. 2010ರ ಡಿಸೆಂಬರ್‌ನಲ್ಲಿ ಒಹಾಯೊ ಸ್ಟೇಟ್ ವಿಶ್ವವಿದ್ಯಾಲಯದ ಐವರು ಅಮೆರಿಕನ್ ಫುಟ್‌ಬಾಲ್ ಆಟಗಾರರು ತಮ್ಮ ಪ್ರಶಸ್ತಿ, ಜೆರ್ಸಿಗಳನ್ನು ಮಾರಿ ನಿಯಮ ಮುರಿದದ್ದು ಬಯಲಾಯಿತು. ಐದು ಪಂದ್ಯಗಳ ನಿಷೇಧ ವಿಧಿಸಿದರು. ಆದರೆ ಆ ನಿಷೇಧ ಮುಂದಿನ ವರ್ಷದಿಂದ. ಎರಡೇ ವಾರದಲ್ಲಿದ್ದ, ದೇಶವೇ ಟಿವಿ ಮುಂದೆ ಕುಳಿತು ನೋಡುವ ಶುಗರ್ ಬೌಲ್ ಪಂದ್ಯದಲ್ಲಿ ಐವರೂ ಆಡಿದರು, ತಂಡ ಗೆದ್ದಿತು. ಆ ಹುಡುಗರಿಗೆ ನಿಯಮವನ್ನು ಸರಿಯಾಗಿ ತಿಳಿಸಿಕೊಟ್ಟಿರಲಿಲ್ಲ ಎಂಬ ಕಾರಣ ಕೊಟ್ಟಿದ್ದರು. ಆ ಗೆಲುವನ್ನು ಮುಂದೆ ದಾಖಲೆಯಿಂದ ಅಳಿಸಿದ್ದು ನಿಜ. ಆದರೆ ಮೈದಾನದಲ್ಲಿ ಎದುರು ನಿಂತಿದ್ದ ಆರ್ಕನ್ಸಾ ತಂಡದ ಹುಡುಗರಿಗೆ ಆ ರಾತ್ರಿ ತಿರುಗಿ ಸಿಗಲಿಲ್ಲ.

ಅಲ್ಲಿನ ಅತ್ಯಂತ ಕಠಿಣ ಶಿಕ್ಷೆಗೆ ಜನ ಇಟ್ಟ ಹೆಸರು ‘ಮರಣದಂಡನೆ’. ತಂಡ ಇಡೀ ವರ್ಷ ಆಡುವಂತಿಲ್ಲ. ಆಟಗಾರರಿಗೆ ಗುಟ್ಟಾಗಿ ಹಣ ಕೊಡುತ್ತಿದ್ದ ಸದರ್ನ್ ಮೆಥಡಿಸ್ಟ್ ವಿಶ್ವವಿದ್ಯಾಲಯದ ಫುಟ್‌ಬಾಲ್ ತಂಡಕ್ಕೆ 1987ರಲ್ಲಿ ಅದನ್ನು ವಿಧಿಸಿದರು. ಆ ಮೇಲೆ ದೊಡ್ಡ ಫುಟ್‌ಬಾಲ್ ಕಾಲೇಜುಗಳಲ್ಲಿ ಹಗರಣಗಳೇನೂ ಕಡಿಮೆಯಾಗಲಿಲ್ಲ, ಆದರೆ ಆ ದಂಡನೆ ಮತ್ತೆ ಅವುಗಳ ಹತ್ತಿರ ಸುಳಿಯಲಿಲ್ಲ. ಸುಳಿದದ್ದು ಎಲ್ಲಿಗೆ? 2003ರಲ್ಲಿ ಅಟ್ಲಾಂಟಾದ ಮೋರ್‌ಹೌಸ್ ಕಾಲೇಜಿನ ಸಾಕರ್ (ನಾವು ಫುಟ್‌ಬಾಲ್ ಎನ್ನುವ ಆಟ) ತಂಡಕ್ಕೆ. ಮಾರ್ಟಿನ್ ಲೂಥರ್ ಕಿಂಗ್ ಓದಿದ, ಕಪ್ಪು ಜನರ ಶಿಕ್ಷಣಕ್ಕೆ ಹೆಸರಾದ ಸಣ್ಣ ಕಾಲೇಜು ಅದು. 2005ರಲ್ಲಿ ಇಲಿನಾಯ್‌ನ ಮ್ಯಾಕ್‌ಮರ್ರಿ ಎಂಬ ಇನ್ನೂ ಸಣ್ಣ ಕಾಲೇಜಿನ ಟೆನಿಸ್ ತಂಡಕ್ಕೆ. ಎರಡೂ ಕಡೆ ತಪ್ಪು ನಡೆದಿತ್ತು. ತಪ್ಪು ದೊಡ್ಡವರಲ್ಲಿಯೂ ನಡೆದಿತ್ತು ಎಂಬುದೇ ನನ್ನ ಮಾತು. 1980ರ ದಶಕದಲ್ಲಿ ಜೆರ್ರಿ ಟಾರ್ಕೇನಿಯನ್ ಎಂಬ ಬಾಸ್ಕೆಟ್‌ಬಾಲ್ ಕೋಚ್, ಬಲಿಷ್ಠ ಕೆಂಟಕಿ ವಿಶ್ವವಿದ್ಯಾಲಯದ ಮೇಲೆ ಎನ್‌ಸಿಎಎಗೆ ಸಿಟ್ಟು ಬಂದರೆ ಸಣ್ಣ ತಂಡವಾದ ಕ್ಲೀವ್‌ಲ್ಯಾಂಡ್ ಸ್ಟೇಟ್‌ಗೆ ಶಿಕ್ಷೆ ಹೆಚ್ಚಾಗುತ್ತದೆ ಎಂಬ ಅರ್ಥದ ಮಾತು ಆಡಿದ್ದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂದು ನಮ್ಮ ಹಿರಿಯರು ಎಂದೋ ಹೇಳಿಟ್ಟಿದ್ದಾರೆ.

ವಿನಾಯಿತಿ ಇರಲಿ, ಮಾನವೀಯತೆ ಇರಲಿ ಎನ್ನುವವರು ಒಳ್ಳೆಯ ಮನಸ್ಸಿನಿಂದಲೇ ಹೇಳುತ್ತಾರೆ. ಆದರೆ ವಿನಾಯಿತಿ ಕೇಳಲು ಒಂದು ತಾಕತ್ತು ಬೇಕು. ಮೇಜಿನ ಹಿಂದಿರುವವರ ಹೆಸರು ಗೊತ್ತಿರಬೇಕು, ಅವರಿಗೆ ಫೋನ್ ಮಾಡಬಲ್ಲ ಆಡಳಿತ ಮಂಡಳಿ ಇರಬೇಕು, ‘ನಮ್ಮ ಬಸ್ ಕಳಿಸುತ್ತೇವೆ, ನಮ್ಮಲ್ಲೇ ಕೂಟ ಮಾಡಿ’ ಎನ್ನುವ ಸಾಮರ್ಥ್ಯ ಇರಬೇಕು. ಅತಿಥಿ ಉಪನ್ಯಾಸಕರನ್ನೇ ನೆಚ್ಚಿಕೊಂಡ ತಾಲ್ಲೂಕು ಕಾಲೇಜಿಗೆ ಇದರಲ್ಲಿ ಯಾವುದಿದೆ? ನಮ್ಮ ಸರ್ ಕೈಯಲ್ಲಿ ಇದ್ದದ್ದು ಒಂದು ಫೈಲು.

ಇದೊಂದು ಕಪ್ಪಿನ ಮಾತಾಗಿದ್ದರೆ ನಾನು ಬರೆಯುತ್ತಿರಲಿಲ್ಲ. ಅಂತರ ಕಾಲೇಜು ಕೂಟದಲ್ಲಿ ಕಣ್ಣಿಗೆ ಬಿದ್ದರೆ ವಿಶ್ವವಿದ್ಯಾಲಯ ತಂಡ, ಅಲ್ಲಿಂದ ದಕ್ಷಿಣ ವಲಯ, ಅಲ್ಲಿಂದ ಅಖಿಲ ಭಾರತ. ಒಮ್ಮೆ ‘ಯೂನಿವರ್ಸಿಟಿ ಬ್ಲೂ’, ಅಂದರೆ ವಿಶ್ವವಿದ್ಯಾಲಯ ತಂಡದ ಆಟಗಾರ್ತಿ, ಆದರೆ ಆ ಪ್ರಮಾಣಪತ್ರ ಮುಂದಿನ ಓದಿಗೂ ಕ್ರೀಡಾ ಕೋಟಾದ ನೌಕರಿಗೂ ಜೊತೆಗಿರುತ್ತದೆ. 2025ರ ಜನವರಿಯಲ್ಲಿ ದೆಹಲಿಯಲ್ಲಿ ಮೊದಲ ಖೊಖೊ ವಿಶ್ವಕಪ್ ಗೆದ್ದ ಭಾರತದ ಮಹಿಳಾ ತಂಡದಲ್ಲಿ ಮೈಸೂರು ಜಿಲ್ಲೆಯ ಕುರುಬೂರಿನ ಬಿ. ಚೈತ್ರಾ ಇದ್ದರು. ಟಿವಿಯಲ್ಲಿ ಅವರನ್ನು ನೋಡುತ್ತಾ ನಾನು ಅತ್ತೆ. ಹಳ್ಳಿಯ ಹುಡುಗಿಗೆ ಅಲ್ಲಿಯವರೆಗೆ ದಾರಿ ಇದೆ. ಆ ದಾರಿಯ ಮೊದಲ ಮೆಟ್ಟಿಲಿನಲ್ಲೇ ಓದು ಮುಗಿಸಿದವಳೊಬ್ಬಳು ನಿಂತರೆ, ಓದುತ್ತಿರುವ ಒಬ್ಬಳು ಕೆಳಗೆ ಉಳಿಯುತ್ತಾಳೆ.

ನಮ್ಮದು ಹಿಂದುಳಿದ ಪ್ರದೇಶ, 371(ಜೆ) ಕಲಮು ನಮಗೆ ವಿಶೇಷ ಸ್ಥಾನ ಕೊಟ್ಟಿದೆ, ಆಟದಲ್ಲೂ ರಿಯಾಯಿತಿ ಬೇಕು ಎಂದು ಕೆಲವರು ವಾದಿಸುತ್ತಾರೆ. ಆ ಕಲಮಿಗಾಗಿ ಈ ಭಾಗದ ಜನ ವರ್ಷಗಟ್ಟಲೆ ಹೋರಾಡಿ ಸಂವಿಧಾನದಲ್ಲೇ ಅಕ್ಷರವಾಗಿ ಬರೆಸಿಕೊಂಡರು. ಯಾವುದೋ ಅಧಿಕಾರಿಯ ಒಳ್ಳೆಯ ಮನಸ್ಸಿಗೆ ಅದನ್ನು ಬಿಡಲಿಲ್ಲ. ಆಟಕ್ಕೂ ರಿಯಾಯಿತಿ ಬೇಕಿದ್ದರೆ ಕೂಟಕ್ಕೆ ಮೊದಲೇ, ಎಲ್ಲರಿಗೂ ಕಾಣುವಂತೆ ಬರೆಯಿರಿ. ಬರೆದ ಮೇಲೆ ಆ ಮೇಜಿನ ಮುಂದೆ ಯಾರ ಮುಖವನ್ನೂ ನೋಡಬೇಡಿ. ನನ್ನ ಮುಖವನ್ನೂ.

ವಿರೋಧ: ಮೇಜಿನ ಹಿಂದೆ ಕುಳಿತವನಿಗೆ ಕಣ್ಣಿರಬೇಕು

ಅಂಥ ಮೇಜಿನ ಹಿಂದೆ ನಾನು ಹಲವು ವರ್ಷ ಕುಳಿತಿದ್ದೇನೆ. ಮೇಲಿನ ಬರಹವನ್ನು ಎರಡು ಸಲ ಓದಿದೆ. ಆ ತಂಗಿಯ ನೋವು ನನಗೆ ಅರ್ಥವಾಗುತ್ತದೆ, ಆದರೆ ಅವರು ತಮಗಾದ ಅರ್ಧ ಅನ್ಯಾಯವನ್ನು ನ್ಯಾಯವೆಂದು ಒಪ್ಪಿಕೊಂಡುಬಿಟ್ಟಿದ್ದಾರೆ. ಭತ್ತದ ಕಾಳಿನಷ್ಟು ಸರಿದ ಸೀಲಿಗಾಗಿ ಹತ್ತು ಹುಡುಗಿಯರನ್ನು ಆಡಿಸದೆ ಕಳಿಸಿದ್ದು ತಪ್ಪು. ಆತಿಥೇಯರು ಮೋಸ ಮಾಡದೇ ಇದ್ದಿದ್ದರೂ ಅದು ತಪ್ಪೇ. ಸೀಲು ಇರುವುದು ಫೋಟೊದಲ್ಲಿರುವವಳೇ ಈ ಹುಡುಗಿ ಎಂದು ಖಚಿತ ಮಾಡಿಕೊಳ್ಳಲು. ಹುಡುಗಿ ಎದುರಿಗೇ ನಿಂತಿದ್ದಳು.

ನಾನು ಹೊರಗೆ ಕಳಿಸಿದ ಒಬ್ಬ ಹುಡುಗನ ವಿಷಯ ಹೇಳುತ್ತೇನೆ. ಎಂ.ಎ. ಓದುತ್ತಿದ್ದ, 1500 ಮೀಟರ್ ಓಡುತ್ತಿದ್ದ. ನಮ್ಮ ಕಡೆಯದು ಎರೆ ಮಣ್ಣಿನ ಮೈದಾನ. ಮಳೆ ಬಂದರೆ ವಾರಗಟ್ಟಲೆ ಕಾಲಿಡುವಂತಿಲ್ಲ, ಬೇಸಿಗೆಯಲ್ಲಿ ಅಂಗೈ ಹೋಗುವಷ್ಟು ಬಿರುಕು. ಅವನು ಕಾಲುವೆ ಏರಿಯ ಮೇಲೆ ಬರಿಗಾಲಿನಲ್ಲಿ ಓಡಿ ಕಲಿತವನು. ನಡುವೆ ಎರಡು ವರ್ಷ ಮನೆಯವರ ಜೊತೆ ಗುಳೆ ಹೋಗಿ ಬೆಂಗಳೂರಿನಲ್ಲಿ ಕಟ್ಟಡದ ಕೆಲಸ ಮಾಡಿ ಬಂದಿದ್ದ. ಅಂತರ ವಿಶ್ವವಿದ್ಯಾಲಯ ಕೂಟಗಳಿಗೆ ಜುಲೈ 1ಕ್ಕೆ 25 ವರ್ಷ ಮೀರಿರಬಾರದು. ಅವನ ಅಂಕಪಟ್ಟಿಯಲ್ಲಿ ಹುಟ್ಟಿದ ದಿನ ಜೂನ್ 1. ಮೂವತ್ತು ದಿನ ಹೆಚ್ಚಾಗಿತ್ತು.

ಹಳ್ಳಿಯ ಶಾಲೆಗಳನ್ನು ಬಲ್ಲವರಿಗೆ ಜೂನ್ 1ರ ಅರ್ಥ ಗೊತ್ತು. ಹುಟ್ಟಿದ ತಾರೀಖು ಗೊತ್ತಿಲ್ಲದ ಮಕ್ಕಳಿಗೆಲ್ಲ ಮುಖ್ಯ ಗುರುಗಳು ಬರೆದುಕೊಳ್ಳುತ್ತಿದ್ದ ದಿನ ಅದು. ನನ್ನ ರಿಜಿಸ್ಟರಿನಲ್ಲಿ ಒಂದೇ ತರಗತಿಯ ಹದಿನೈದು ಮಂದಿ ಜೂನ್ 1ರಂದು ಹುಟ್ಟಿದ ವರ್ಷಗಳಿವೆ. ಈ ಹುಡುಗ ದೀಪಾವಳಿ ಕಳೆದ ವಾರ ಹುಟ್ಟಿದನೆಂದು ಅವನ ತಾಯಿ ಹೇಳುತ್ತಿದ್ದಳು. ವಯಸ್ಸು ಸಾಲದ ಮಗುವನ್ನು ಒಂದನೆಯ ತರಗತಿಗೆ ಸೇರಿಸಿಕೊಳ್ಳಲು ಗುರುಗಳು ತಾರೀಖನ್ನು ಹಿಂದಕ್ಕೆ ತಳ್ಳಿದ್ದರು. ಶಾಲೆಗೆ ಬಾಗಿಲು ತೆರೆದ ಅದೇ ತಾರೀಖು ಮೈದಾನದ ಬಾಗಿಲು ಮುಚ್ಚಿತು. ನಾನು ನಿಯಮ ಪಾಲಿಸಿದೆ. ಯಾರೂ ನನ್ನನ್ನು ಪ್ರಶ್ನಿಸಲಿಲ್ಲ. ಅವನು ಫಾರಂ ಮಡಚಿ ಜೇಬಿನಲ್ಲಿಟ್ಟುಕೊಂಡು, ‘ಆಗಲಿ ಸರ್’ ಎಂದು ಹೋದ. ಈಗ ಸಿಂಧನೂರಿನ ಕಡೆ ಅಕ್ಕಿ ಗಿರಣಿಯೊಂದರಲ್ಲಿ ಲೆಕ್ಕ ಬರೆಯುತ್ತಾನೆ.

ಇಂಥವು ಒಂದೆರಡಲ್ಲ. ಎಸ್ಸೆಸ್ಸೆಲ್ಸಿ ಅಂಕಪಟ್ಟಿಯಲ್ಲಿ ಹುಲಿಗೆಮ್ಮ, ಆಧಾರ್‌ನಲ್ಲಿ ಹುಲಿಗೆವ್ವ. ವರ್ಷದ ನಡುವೆ ಮದುವೆಯಾಗಿ ಹೆಸರಿನ ಮುಂದಿನ ಅಕ್ಷರ ಬದಲಾದವಳು. ಹತ್ತಿ ಬಿಡಿಸುವ ತಿಂಗಳಲ್ಲಿ ಹಾಜರಾತಿ ಕಡಿಮೆಯಾದವನು. ನಿಯಮ ಬರೆಯುವವರ ಕಣ್ಣಮುಂದೆ ಇರುವುದು ಕಚೇರಿ ಸಿಬ್ಬಂದಿ, ಕಂಪ್ಯೂಟರ್, ಕಾಯಂ ನಿರ್ದೇಶಕರು ಇರುವ ಕಾಲೇಜು. ಅಂಥ ಕಾಲೇಜಿನ ಕಾಗದ ಯಾವಾಗಲೂ ಸರಿಯಾಗಿಯೇ ಇರುತ್ತದೆ. ಓದು ಮುಗಿಸಿದ ಆ ಆಟಗಾರ್ತಿಯ ಫಾರಂನಲ್ಲಿ ಸೀಲು ಫೋಟೊ ಮೇಲೆ ಸರಿಯಾಗಿ ಬಿದ್ದಿತ್ತೆಂದು ನಾನು ಪಂಥ ಕಟ್ಟಬಲ್ಲೆ. ಕಾಗದವನ್ನೇ ಒರೆಗಲ್ಲು ಮಾಡಿಕೊಂಡರೆ ಕಾಗದ ಮಾಡಬಲ್ಲವರು ಗೆಲ್ಲುತ್ತಾರೆ. ನಮ್ಮ ಪಕ್ಕದ ಬಳ್ಳಾರಿ ಜಿಲ್ಲೆಯಲ್ಲೇ, ತೋರಣಗಲ್ಲಿನ ಹತ್ತಿರ, 2018ರಲ್ಲಿ ಆರಂಭವಾದ ಇನ್‌ಸ್ಪೈರ್ ಇನ್‌ಸ್ಟಿಟ್ಯೂಟ್ ಆಫ್ ಸ್ಪೋರ್ಟ್‌ನಲ್ಲಿ ನೀರಜ್ ಚೋಪ್ರಾ ಅಭ್ಯಾಸ ಮಾಡಿದ್ದಾರೆ. ಅಲ್ಲಿಂದ ಬಸ್ಸಿನಲ್ಲಿ ಕೆಲವು ತಾಸು ಹೊರಟರೆ ಸ್ಪೈಕ್ ಶೂ ಮುಟ್ಟಿ ನೋಡದ ಓಟಗಾರರು ಸಿಗುತ್ತಾರೆ. ಇಬ್ಬರನ್ನೂ ಒಂದೇ ಗೆರೆಯಲ್ಲಿ ನಿಲ್ಲಿಸುವುದು ಸರಿ. ಆದರೆ ಗೆರೆಯವರೆಗೆ ಬಂದ ದಾರಿ ಒಂದೇ ಎಂದು ನಟಿಸಲು ನನ್ನಿಂದಾಗದು.

ಅವರು ಅಮೆರಿಕದ ಮಾತು ತೆಗೆದರು. ಕುರುಡು ಬಿಗಿಯ ಕಥೆಗಳೂ ಅಲ್ಲೇ ಇವೆ. ಆಟಗಾರರಿಗೆ ಕಾಲೇಜು ತಿಂಡಿಯಾಗಿ ಬೇಗಲ್ ಎಂಬ ಬ್ರೆಡ್ಡನ್ನು ಕೊಡಬಹುದಿತ್ತು, ಅದರ ಮೇಲೆ ಕ್ರೀಮ್ ಚೀಸ್ ಸವರಿದರೆ ಅದು ಊಟವಾಗಿ ನಿಯಮಭಂಗವಾಗುತ್ತಿತ್ತು. 2014ರಲ್ಲಿ ಚಾಂಪಿಯನ್ ತಂಡದ ಆಟಗಾರನೊಬ್ಬ, ಕೆಲವು ರಾತ್ರಿ ಹಸಿದೇ ಮಲಗುತ್ತೇನೆ ಎಂದು ಬಾಯಿಬಿಟ್ಟು ಹೇಳಿದ ತಿಂಗಳಲ್ಲೇ ಊಟದ ಮಿತಿಯನ್ನು ತೆಗೆದರು. 2017ರಲ್ಲಿ ಫ್ಲಾರಿಡಾದ ಒಬ್ಬ ಹುಡುಗ ಆಟಗಾರನಾಗಿ ತನ್ನನ್ನು ತೋರಿಸಿಕೊಂಡ ಯೂಟ್ಯೂಬ್ ವಿಡಿಯೊಗಳಿಂದ ಹಣ ಪಡೆದದ್ದಕ್ಕೆ ಅರ್ಹತೆ ಕಳೆದುಕೊಂಡ. 2021ರ ಜುಲೈನಿಂದ ಅಂಥ ಗಳಿಕೆಗೆ ಅವಕಾಶವಾಯಿತು. 2005ರವರೆಗೆ ಆಡಿ ಹೋದ ಒಬ್ಬ ತಾರೆ ಪಡೆದ ಸವಲತ್ತುಗಳಿಗಾಗಿ ಸದರ್ನ್ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ತಂಡಕ್ಕೆ 2010ರಲ್ಲಿ ಶುಗರ್ ಬೌಲ್‌ನಂಥ, ಋತುವಿನ ಕೊನೆಯ ‘ಬೌಲ್’ ಪಂದ್ಯಗಳಿಂದ ಎರಡು ವರ್ಷದ ನಿಷೇಧ. ಅದನ್ನು ಅನುಭವಿಸಿದವರು ಆ ಕಾಲದಲ್ಲಿ ಶಾಲೆಯಲ್ಲಿದ್ದ ಹುಡುಗರು. ಆ ಪಾಠವನ್ನು ಎನ್‌ಸಿಎಎ ಕಲಿತಿದೆ. 2023ರಲ್ಲಿ ಟೆನೆಸಿ ವಿಶ್ವವಿದ್ಯಾಲಯದ ತಪ್ಪಿಗೆ 80 ಲಕ್ಷ ಡಾಲರ್ ದಂಡ ಹಾಕಿದರು, ತಪ್ಪಿನಲ್ಲಿ ಪಾಲಿಲ್ಲದ ಆಟಗಾರರಿಗೆ ಬೌಲ್ ಪಂದ್ಯ ತಪ್ಪಿಸಲಿಲ್ಲ.

ಎಲ್ಲ ವಿನಾಯಿತಿಯನ್ನೂ ಮೊದಲೇ ಬರೆದಿಡಿ ಎಂದು ತಂಗಿ ಕೇಳುತ್ತಾರೆ. ಭತ್ತದ ಕಾಳಿನಷ್ಟು ಸರಿದ ಸೀಲನ್ನು ಯಾವ ಸಮಿತಿ ಮೊದಲೇ ಊಹಿಸಿ ಬರೆದೀತು? ನಾವು ಮುಖ ನೋಡಿ ಮಣೆ ಹಾಕಿದ್ದೇವೆ, ಅದಕ್ಕೇ ನಮ್ಮ ಮೇಲಿನ ನಂಬಿಕೆ ಹೋಗಿದೆ. ಅದನ್ನು ತಲೆತಗ್ಗಿಸಿ ಒಪ್ಪುತ್ತೇನೆ. ಅದಕ್ಕೆ ನಮ್ಮ ಕಣ್ಣು ಕಟ್ಟುವುದು ಮದ್ದಲ್ಲ. ಕೊಟ್ಟ ವಿನಾಯಿತಿ, ನಿರಾಕರಿಸಿದ ವಿನಾಯಿತಿ ಎರಡಕ್ಕೂ ಕಾರಣ ಬರೆದು, ಹೆಸರು ಹಾಕಿ, ಸಹಿ ಮಾಡುವಂತೆ ನಮ್ಮನ್ನು ಕಟ್ಟಿಹಾಕಿ.

ಆ ದಿನ ಆ ಮೇಜಿನ ಹಿಂದೆ ನಾನಿದ್ದಿದ್ದರೆ ಆ ಎರಡು ಫಾರಂಗಳ ಮೇಲೆ ‘ಮೂಲ ಪ್ರತಿ ನಾಳೆಯೊಳಗೆ’ ಎಂದು ಬರೆದು ಹತ್ತೂ ಹುಡುಗಿಯರನ್ನು ಅಂಕಣಕ್ಕೆ ಕಳಿಸುತ್ತಿದ್ದೆ. ಓದು ಮುಗಿಸಿದವಳನ್ನು ಆಕ್ಷೇಪಣೆ ಬಂದ ಗಳಿಗೆಯಲ್ಲೇ ಹೊರಗೆ ಕೂರಿಸುತ್ತಿದ್ದೆ. ಎರಡೂ ಕಾರಣಗಳನ್ನು ಒಂದು ಹಾಳೆಯಲ್ಲಿ ಬರೆದು, ಬಂದವರೆಲ್ಲ ಓದುವಂತೆ ಆ ಶಾಮಿಯಾನದ ಕಂಬಕ್ಕೆ ಅಂಟಿಸುತ್ತಿದ್ದೆ.